ಗಡಿಯಾಚೆಯಿಂದ ಬಂದ ಅಂಗಿ

ಹೋದ ತಿಂಗಳು ಹಾವೇರಿಯ ಒಂದು ಹೊಲಿಗೆ ತರಬೇತಿ ಕೇಂದ್ರದವರು ನನ್ನನ್ನು ಕರೆಸಿ ಒಂದು ತಾಸು ಮಾತಾಡಿಸಿದರು. ನಲವತ್ತು ಹುಡುಗಿಯರು, ಒಬ್ಬೊಬ್ಬಳ ಮುಂದೆ ಒಂದೊಂದು ಹೊಸ ಯಂತ್ರ. ಬಹಳ ಮಂದಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಅವರಲ್ಲೊಬ್ಬಳು ಎದ್ದು ನಿಂತು, "ಸರ್, ನಿಮ್ಮ ಕೆಲಸದಾಗ ನಿಮಗ ಭಾಳ ಗಾಬರಿಯಾದ ದಿನ ಯಾವ್ದ್ರಿ?" ಎಂದು ಕೇಳಿದಳು. ನಾನು ಎಡಗೈ ತೋಳುಗಳ ಕಥೆ ಹೇಳಿ ಎಲ್ಲರನ್ನೂ ನಗಿಸಿ ಬಂದೆ. ರಾಣೆಬೆನ್ನೂರಿನ ಬಸ್ಸು ಹತ್ತಿ ಕೂತ ಮೇಲೆ, ಆ ಹುಡುಗಿಗೆ ಸುಳ್ಳು ಹೇಳಿದೆನಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಹೇಳಿದ ಕಥೆ ಖರೆಯೇ. ಆದರೆ ಗಾಬರಿಯಾದ ದಿನ ಅದಲ್ಲ. ಗಾಬರಿಯ ದಿನದ ಸಂಗತಿಯನ್ನು ನಾನು ಇದುವರೆಗೆ ಇಬ್ಬರ ಮುಂದೆ ಮಾತ್ರ ಹೇಳಿದ್ದೇನೆ. ಈ ಕೆಲಸಕ್ಕೆ ಬರುವವರು ಅದನ್ನೂ ತಿಳಿದಿರಲಿ ಎಂದು ಬರೆಯಲು ಕೂತಿದ್ದೇನೆ.

ನಾನು ಕಟಿಂಗ್ ಮಾಸ್ತರ. ನಮ್ಮಪ್ಪ ಹಾವೇರಿ ಪೇಟೆಯಲ್ಲಿ ದರ್ಜಿ. ಅವರ ಕೈಯಲ್ಲೇ ಕತ್ತರಿ ಹಿಡಿಯುವುದು ಕಲಿತು, ಆಮೇಲೆ ರಾಣೆಬೆನ್ನೂರಿನ ಚನ್ನಬಸಪ್ಪ ಸಾಹುಕಾರರ ಅಂಗಿ ಕಾರ್ಖಾನೆ ಸೇರಿದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ನಲವತ್ತು ಹೆಣ್ಣುಮಕ್ಕಳು, ನಡುವೆ ನನ್ನ ಮೇಜು. ಗಂಡಸರ ಅಂಗಿ ಮಾತ್ರ ಹೊಲಿಯುತ್ತಿದ್ದೆವು. ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿ ನಮ್ಮ ಮಾಲನ್ನೆಲ್ಲ ಕೊಂಡು ಊರೂರಿನ ಅಂಗಡಿಗಳಿಗೆ ಕಳಿಸುತ್ತಿದ್ದ.

ಮನೆಯ ದರ್ಜಿಗೂ ಕಾರ್ಖಾನೆಯ ಕಟಿಂಗ್ ಮಾಸ್ತರನಿಗೂ ಬಹಳ ವ್ಯತ್ಯಾಸವಿದೆ. ದರ್ಜಿ ಒಬ್ಬನ ಅಳತೆ ತೆಗೆದು ಒಂದು ಅಂಗಿ ಕತ್ತರಿಸುತ್ತಾನೆ. ನಾವು ಬಟ್ಟೆಯನ್ನು ಅರವತ್ತು, ಎಪ್ಪತ್ತು ಪದರ ಒಂದರ ಮೇಲೊಂದು ಹಾಸಿ, ಮೇಲೆ ದಪ್ಪ ಕಾಗದದಲ್ಲಿ ಕತ್ತರಿಸಿಟ್ಟ ಅಳತೆಗಳನ್ನು ಇಟ್ಟು, ಸುತ್ತ ಗೆರೆ ಎಳೆದು, ಒಂದೇ ಸಲಕ್ಕೆ ಕತ್ತರಿಸುತ್ತೇವೆ. ಆ ಕಾಗದಕ್ಕೆ ಈಗ ನೀವು ಪ್ಯಾಟರ್ನ್ ಎನ್ನುತ್ತೀರಿ. ನಾವು ಬರೀ ಕಾಗದ ಎನ್ನುತ್ತಿದ್ದೆವು. ಬೆನ್ನಿಗೊಂದು, ಎದೆಗೆರಡು, ತೋಳಿಗೊಂದು, ಕಾಲರಿಗೊಂದು, ಹೀಗೆ. ಅಂಗಿ ಚಂದ ಕೂತರೆ ಅದರ ಹೆಚ್ಚುಗಾರಿಕೆ ಆ ಕಾಗದದ್ದು. ಅದನ್ನು ತಯಾರು ಮಾಡಲು ನನಗೆ ಎರಡು ವರ್ಷ ಹಿಡಿದಿತ್ತು.

ಎಡಗೈ ತೋಳಿನ ಕಥೆ ಇಷ್ಟೇ. ಕೈಕತ್ತರಿ ಬಿಟ್ಟು ವಿದ್ಯುತ್ತಿನ ಕಟಿಂಗ್ ಯಂತ್ರ ತಂದ ಹೊಸದು. ಒಂದೇ ಮಗ್ಗಲಿಗೆ ಬಣ್ಣವಿದ್ದ ಬಟ್ಟೆ ಬಂದಿತ್ತು. ಅಂಥ ಬಟ್ಟೆಯಲ್ಲಿ ತೋಳಿನ ಕಾಗದವನ್ನು ಒಮ್ಮೆ ಸೀದಾ, ಒಮ್ಮೆ ಮಗುಚಿ ಇಡಬೇಕು. ಹೊಸ ಯಂತ್ರದ ಹುರುಪಿನಲ್ಲಿ ನಾನು ಮಗುಚುವುದನ್ನು ಮರೆತೆ. ರೊಂಯ್ ಎಂದು ಕತ್ತರಿಸಿ ಮುಗಿಸಿದಾಗ ಇನ್ನೂರ ನಲವತ್ತು ತೋಳು ತಯಾರಾಗಿದ್ದವು. ಎಲ್ಲವೂ ಎಡಗೈಯವು. ಸಾಹುಕಾರರು ಬಂದು ಒಂದು ತೋಳನ್ನು ತಮ್ಮ ಬಲಗೈಗೆ ಹಿಡಿದು ನೋಡಿ, "ಮಾಸ್ತರ, ಎರಡೂ ಎಡಗೈ ಇರೋ ಮಂದಿ ಯಾವ ಊರಾಗ ಅದಾರ ಹೇಳ್ರಿ, ಅಲ್ಲಿಗೇ ಕಳಸೋಣು" ಎಂದರು. ಬೈಗುಳ ಅಷ್ಟೇ. ಸಾಲಿನ ಹಿರಿಯಾಳು ರತ್ನವ್ವ ಆ ತೋಳುಗಳನ್ನೆಲ್ಲ ಮತ್ತೆ ಕತ್ತರಿಸಿ ಕೂಸುಗಳ ತಲೆಗೆ ಹಾಕುವ ಕುಂಚಿಗೆ ಹೊಲಿಸಿದಳು. ಆ ವರ್ಷ ರಾಣೆಬೆನ್ನೂರು ಸಂತೆಯಲ್ಲಿ ಎಷ್ಟೋ ಕೂಸುಗಳು ನನ್ನ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡು ಹೋದವು.

ರತ್ನವ್ವ ಕುಪ್ಪೇಲೂರಿನವಳು. ಅಲ್ಲಿಂದ ಆರು ಮಂದಿ ಹೆಣ್ಣುಮಕ್ಕಳು ದಿನಾ ಮುಂಜಾನೆಯ ಬಸ್ಸಿಗೆ ಬರುತ್ತಿದ್ದರು, ಈಕೆ ಅವರ ಮುಂದಾಳು. ಕಾಲರ್ ಹೊಲಿಯುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಕಾಲರಿನ ತುದಿಯನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿ ತಿರುವಿದಳೆಂದರೆ ಚೂಪಾಗಿ ಹೊರಗೆ ಬರುತ್ತಿತ್ತು, ಸೂಜಿ ಹಾಕಿ ಎಳೆಯುವ ಕೆಲಸವಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವಳಾದರೂ ನನ್ನನ್ನು ಎದುರುಬದುರು ಕೇಳುವ ಧೈರ್ಯ ಅವಳೊಬ್ಬಳಿಗೇ ಇತ್ತು.

ಇಲ್ಲಿ ನನ್ನ ಒಂದು ರೂಢಿಯ ಬಗ್ಗೆ ಹೇಳಬೇಕು. ತೋಳನ್ನು ಹೆಗಲಿಗೆ ಕೂಡಿಸುವಾಗ ಹಿಂದು ಮುಂದು ತಿಳಿಯಲೆಂದು ಬಟ್ಟೆಯ ಅಂಚಿಗೆ ಸಣ್ಣ ಕಚ್ಚು ಹಾಕುತ್ತಾರೆ. ಮುಂದಿನ ಭಾಗಕ್ಕೆ ಒಂದು, ಹಿಂದಿನದಕ್ಕೆ ಎರಡು. ಎಲ್ಲ ಕಡೆಯೂ ಹೀಗೇ. ನಮ್ಮಲ್ಲಿ ಹೊಸದಾಗಿ ಬಂದವರು ನೂಲು ಬಿಚ್ಚಿಕೊಂಡಾಗ ಎರಡನ್ನು ಒಂದೆಂದು ತಿಳಿದು ತೋಳನ್ನು ತಿರುವುಮುರುವು ಕೂಡಿಸುತ್ತಿದ್ದರು. ಅದಕ್ಕೆ ನಾನು ಹಿಂದಿನ ಭಾಗಕ್ಕೆ ಮೂರು ಕಚ್ಚು ಹಾಕತೊಡಗಿದೆ. ಹೊಲಿದ ಮೇಲೆ ಅದು ಹೊಲಿಗೆಯ ಒಳಗೆ ಮುಚ್ಚಿಹೋಗುತ್ತದೆ. ಅಂಗಿ ತೊಟ್ಟವನಿಗೂ ಗೊತ್ತಾಗುವುದಿಲ್ಲ. ನಮ್ಮ ಕಾರ್ಖಾನೆ ಬಿಟ್ಟು ಬೇರೆಲ್ಲೂ ನಾನು ಮೂರು ಕಚ್ಚು ಕಂಡಿರಲಿಲ್ಲ.

ಹುಬ್ಬಳ್ಳಿಯ ವ್ಯಾಪಾರಿಯ ಕಡೆಯಿಂದ ತಿಂಗಳಿಗೊಮ್ಮೆ ವಿನೋದ ಎಂಬ ಮನುಷ್ಯ ಬರುತ್ತಿದ್ದ. ನಯವಾದ ಮಾತು, ಇಸ್ತ್ರಿ ಕೆಡದ ಬಟ್ಟೆ. ಮಾಲು ನೋಡಿ, ಎಣಿಸಿ, ನನ್ನ ಮೇಜಿನ ಬಳಿ ನಿಂತು ಚಹಾ ಕುಡಿದೇ ಹೋಗುತ್ತಿದ್ದ. ಒಂದು ಸಲ ಬಂದವನು, "ಮಾಸ್ತರ, ಅಂಗಡಿಯವ್ರು ಎಲ್ಲಾರೂ ನಿಮ್ಮ ಕಟಿಂಗನ ಕೇಳ್ತಾರ್ರಿ. ಹುಬ್ಬಳ್ಳಿಯೊಳಗ ನಾವೂ ಒಂದ್ನಾಕು ಮಷೀನ್ ಹಾಕೇವಿ, ದಪ್ಪ ಮಂದಿ ಅಳತಿ ಅಂಗಿ ಮಾಡಾಕ. ನಿಮ್ಮ ಕಾಗದ ಒಂದೆರಡು ವಾರ ಕೊಡ್ರಿ, ತಿರುಗಿ ತಂದು ಕೊಡ್ತೇನಿ" ಎಂದ.

ಸಾಹುಕಾರರನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಹೊಗಳಿಕೆ ಕಿವಿಗೆ ಹಿತವಾಗಿತ್ತು. ಕೊಡುವುದಷ್ಟೇ ಅಲ್ಲ, ರವಿವಾರ ಬಂದು ಕೂತು ಎಲ್ಲ ಅಳತೆಗಳಿಗೂ ಹೊಸ ಕಾಗದ ಕತ್ತರಿಸಿ, ಕಚ್ಚು ಹಾಕಿ, ಕಿಸೆ ಬರುವ ಜಾಗಕ್ಕೆ ತೂತು ಕೊರೆದು, ಒಂದೊಂದರ ಮೇಲೂ ನನ್ನ ಅಕ್ಷರದಲ್ಲಿ ಹೆಸರು ಬರೆದು ಕೊಟ್ಟೆ. ಅವನು ಎರಡು ವಾರಕ್ಕೆ ಸರಿಯಾಗಿ ಒಂದು ಕಟ್ಟು ಪೇಢೆಯ ಜೊತೆ ಕಾಗದವನ್ನು ಮರಳಿ ತಂದುಕೊಟ್ಟ. ಎಂಥ ಪ್ರಾಮಾಣಿಕ ಮನುಷ್ಯ ಎಂದು ಮನೆಯಲ್ಲಿ ಹೇಳಿದ್ದು ನೆನಪಿದೆ.

ಆಗ ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ಅಲ್ಲಿಯವರೆಗೆ ಹೊರದೇಶದ ಅಂಗಿ ನಮ್ಮಲ್ಲಿಗೆ ಬರಬೇಕಾದರೆ ಗಡಿಯಲ್ಲಿ ಸುಂಕ ಕೊಡಬೇಕಿತ್ತು. ಆ ಸುಂಕ ಕೂಡಿಸಿದರೆ ಅವರ ಅಂಗಿ ನಮ್ಮದಕ್ಕಿಂತ ತುಟ್ಟಿಯಾಗುತ್ತಿತ್ತು, ಹಾಗಾಗಿ ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಈಗ ಬಾಂಗ್ಲಾದೇಶದ ಇಂತಿಷ್ಟು ಅಂಗಿಗಳು ಪ್ರತಿವರ್ಷ ಸುಂಕವಿಲ್ಲದೆ ಬರಲಿ ಎಂದು ನಮ್ಮ ಸರ್ಕಾರ ಒಪ್ಪಿಕೊಂಡಿತು. ಆ ದೇಶದವರಿಗೂ ನಮ್ಮ ಮೇಲೆ ಸಿಟ್ಟಿತ್ತಂತೆ. ನೂಲು, ಬಟ್ಟೆ ಎಲ್ಲ ನಿಮ್ಮಿಂದ ನಾವು ಕೊಳ್ಳಬೇಕು, ನಮ್ಮ ಅಂಗಿಗೆ ಮಾತ್ರ ನೀವು ಬಾಗಿಲು ಹಾಕುತ್ತೀರಿ ಎಂದು ಅವರ ತಕರಾರು. ಇದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಓದಿ, ಚಹಾ ಕುಡಿದು, ಅದೇ ಪತ್ರಿಕೆಯನ್ನು ಬಟ್ಟೆಯ ಕೆಳಗೆ ಮೇಜಿನ ಮೇಲೆ ಹಾಸಿದ್ದೆ. ರಾಣೆಬೆನ್ನೂರಿಗೂ ಅದಕ್ಕೂ ಏನು ಸಂಬಂಧ?

ಒಂದು ಮಧ್ಯಾಹ್ನ ಸಾಹುಕಾರರು ನನ್ನ ಮೇಜಿನ ಮೇಲೆ ಒಂದು ಅಂಗಿ ತಂದಿಟ್ಟರು. ತಿಳಿನೀಲಿ ಗೆರೆಯದು. ಕುತ್ತಿಗೆಯ ಒಳಗಿನ ಪಟ್ಟಿಯಲ್ಲಿ ಬಾಂಗ್ಲಾದೇಶದ ಹೆಸರಿತ್ತು. ಇದನ್ನು ಅಂಗಡಿಗೆ ಏನು ದರಕ್ಕೆ ಕೊಡುತ್ತಿದ್ದಾರೆಂದು ಅವರು ಹೇಳಿದಾಗ ನಾನು ಇನ್ನೊಮ್ಮೆ ಕೇಳಿದೆ. ನಮಗೆ ಬರೀ ಬಟ್ಟೆ ಮತ್ತು ಗುಂಡಿಗೆ ಅದಕ್ಕಿಂತ ಹೆಚ್ಚು ಬೀಳುತ್ತಿತ್ತು.

"ಬಿಚ್ಚಿ ನೋಡ್ರಿ ಮಾಸ್ತರ. ಎಲ್ಲಿ ಉಳಿಸ್ಯಾರ, ಎಲ್ಲಿ ತಪ್ಪು ಮಾಡ್ಯಾರ, ಹುಡುಕ್ರಿ" ಎಂದರು. ಅವರು ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತ ಹೇಳಿದ್ದು ಆಗ ನನಗೆ ಹೊಳೆಯಲಿಲ್ಲ.

ಅಂಗಿಯನ್ನು ಮೇಜಿಗೆ ಹರವಿದೆ. ಮೊದಲು ಕಣ್ಣಿಗೆ ಬಿದ್ದದ್ದು ಕಿಸೆ. ಜೋಳದ ಕಾಳಿನಷ್ಟು ವಾರೆಯಾಗಿತ್ತು. ನನಗೆ ಹಿಗ್ಗೋ ಹಿಗ್ಗು. "ಸಾವ್ಕಾರ್ರ, ಕಿಸೆ ವಾರಿ ಐತ್ರಿ!" ಎಂದು ಅವರ ಕೋಣೆಗೇ ಓಡಿಹೋಗಿ ತೋರಿಸಿದೆ. ಇಂಥ ಮಾಲನ್ನು ನಾವು ಹೊರಗೇ ಬಿಡುವವರಲ್ಲ. ಮರಳಿ ಬಂದು ಬ್ಲೇಡು ತೆಗೆದುಕೊಂಡು ಹೆಗಲಿನ ಹೊಲಿಗೆ ಬಿಚ್ಚಿದೆ. ಹೊಲಿಗೆ ಒತ್ತೊತ್ತಾಗಿ, ಸಮವಾಗಿ ಇತ್ತು, ಬಿಚ್ಚಲಿಕ್ಕೇ ಹೊತ್ತು ಹಿಡಿಯಿತು. ತೋಳು ಕೈಗೆ ಬಂತು. ಅಂಚನ್ನು ಬೆಳಕಿಗೆ ಹಿಡಿದೆ.

ಹಿಂದಿನ ಭಾಗದಲ್ಲಿ ಮೂರು ಕಚ್ಚು.

ಇನ್ನೊಂದು ತೋಳು ಬಿಚ್ಚಿದೆ. ಅಲ್ಲೂ ಮೂರು. ಗೋಡೆಯ ಮೊಳೆಯಿಂದ ನನ್ನ ಕಾಗದ ತೆಗೆದು ಆ ಬಟ್ಟೆಯ ಮೇಲೆ ಇಟ್ಟೆ. ತೋಳಿನ ಮೇಲೆ ತೋಳು, ಬೆನ್ನಿನ ಮೇಲೆ ಬೆನ್ನು. ಒಂದೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಎಲ್ಲೋ ನಾನು ಕಾಣದ ಊರಿನಲ್ಲಿ, ನನಗೆ ತಿಳಿಯದ ಮಾತಾಡುವ ಯಾರೋ ನನ್ನ ಅಂಗಿಯನ್ನು ಹೊಲಿದು ನನ್ನ ಮೇಜಿಗೆ ಕಳಿಸಿದ್ದರು.

ಹಾಗಾದರೆ ಕಿಸೆ ಯಾಕೆ ವಾರೆ? ಎದೆಯ ಕಾಗದ ತೆಗೆದು ಕಿಸೆಯ ತೂತುಗಳನ್ನು ಅಳೆದೆ. ಎರಡು ತೂತುಗಳಲ್ಲಿ ಒಂದು ಜೋಳದ ಕಾಳಿನಷ್ಟು ಮೇಲಿತ್ತು. ನಾನೇ ಕೊರೆದದ್ದು. ನಂಬಿಕೆ ಬರದೆ ರತ್ನವ್ವನನ್ನು ಕರೆದೆ.

"ರತ್ನವ್ವ, ನೀವು ಕಿಸೆ ಹಚ್ಚೋವಾಗ ನನ್ನ ತೂತಿನ ಗುರುತಿಗೆ ಹಚ್ಚತೀರೇನು?"

"ಇಲ್ರಿ ಮಾಸ್ತರ. ನಿಮ್ಮ ತೂತು ವಾರಿ ಐತಲ್ರಿ. ನಾವು ಕಣ್ಣಳತೀಲೆ ಸರಿ ಮಾಡ್ಕೊತೇವಿ."

"ಎಷ್ಟು ದಿವ್ಸದಿಂದ?"

"ಮೊದ್ಲಿಂದ್ಲೂ ರಿ." ಅವಳು ನಕ್ಕಳು. "ನಿಮಗ ಹೇಳಿದ್ರ ಸಿಟ್ಟಿಗೇಳ್ತೀರಿ ಅಂತ ಹೇಳಿದ್ದಿಲ್ಲ. ಯಾಕ್ರಿ, ಏನಾತು?"

"ಏನಿಲ್ಲ" ಎಂದೆ. ಅವಳು ಹೋದಳು. ನಾನು ಸ್ಟೂಲಿನ ಮೇಲೆ ಕೂತೆ. ಇಷ್ಟು ವರ್ಷ ನನ್ನ ತಪ್ಪನ್ನು ಈ ಹೆಣ್ಣುಮಕ್ಕಳು ಸದ್ದಿಲ್ಲದೆ ತಿದ್ದುತ್ತ ಬಂದಿದ್ದರು. ಅಲ್ಲಿಯವರು ಕಾಗದವನ್ನು ನಂಬಿ, ಹೇಳಿದ ಜಾಗಕ್ಕೇ ಕಿಸೆ ಹಚ್ಚಿದ್ದರು. ವಿನೋದನ ಪೇಢೆಯ ರುಚಿ ನಾಲಿಗೆಗೆ ಬಂತು. ಎದುರಿಗೆ ನಲವತ್ತು ಯಂತ್ರಗಳು ಒಂದೇ ಸಮನೆ ಓಡುತ್ತಿದ್ದವು. ಆ ಸದ್ದಿನ ಕಡೆ ತಲೆ ಎತ್ತಿ ನೋಡಲು ನನ್ನಿಂದಾಗಲಿಲ್ಲ.

ಇದೇ ಆ ದಿನ, ಹುಡುಗಿ ಕೇಳಿದ್ದು.

ಯಾರಿಗೂ ಹೇಳದೆ ಮೂರು ವಾರ ಕಳೆದೆ. ಅಷ್ಟರಲ್ಲಿ ಹಾವೇರಿಯಲ್ಲಿ ಒಂದು ಸಭೆ ಸೇರಿತು. ಜಿಲ್ಲೆಯ ಸಣ್ಣ ಸಣ್ಣ ಸಿದ್ಧ ಉಡುಪಿನವರು, ಅಂಗಡಿಯವರು ಕೂಡಿ, ಸುಂಕವನ್ನು ಮತ್ತೆ ಹಾಕಬೇಕೆಂದು ಸರ್ಕಾರಕ್ಕೆ ಮನವಿ ಬರೆಯುವುದಿತ್ತು. ಸಾಹುಕಾರರು ನನ್ನನ್ನೂ ಕರೆದುಕೊಂಡು ಹೋದರು. ನಾನು ಅಂಗಿಯನ್ನು ಮತ್ತೆ ಹೊಲಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಸಾಹುಕಾರರು ಮಾತಾಡುತ್ತ, "ನಮ್ಮ ಮಾಸ್ತರ ಆ ಅಂಗಿ ಬಿಚ್ಚಿ ನೋಡ್ಯಾರ. ಕಿಸೆ ಸುದ್ದೆ ನೆಟ್ಟಗಿಲ್ಲ. ಮಾಸ್ತರ, ಎದ್ದು ತೋರಸ್ರಿ" ಎಂದರು.

ಎದ್ದು ನಿಂತೆ. ಅಂಗಿ ಎತ್ತಿ ಹಿಡಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಪೂರ್ತಿ ಖರೆ ಹೇಳುವ ಎದೆಗಾರಿಕೆಯೂ ಇರಲಿಲ್ಲ.

"ಹೊಲಿಗಿ ಒಳಗ ತಪ್ಪಿಲ್ರಿ" ಎಂದೆ. "ಹೊಲ್ದವ್ರು ಚೊಲೊ ಹೊಲ್ದಾರ. ತಪ್ಪು ಕಟಿಂಗ್ ಒಳಗ ಐತಿ."

ಸಭೆ ಚಪ್ಪಾಳೆ ತಟ್ಟಿತು. "ಕಟಿಂಗೇ ತಪ್ಪಂತ ನೋಡ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಹೇಳಿದ್ದನ್ನು ಅವರು ತಮಗೆ ಬೇಕಾದ ಹಾಗೆ ತಿಳಿದುಕೊಂಡಿದ್ದರು. ಕಿವಿಯವರೆಗೆ ಬಿಸಿಯಾಗಿ ಕೂತುಬಿಟ್ಟೆ. ನನ್ನ ಜೀವಮಾನದಲ್ಲಿ ನನಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ, ಅದೂ ನನ್ನದೇ ತಪ್ಪಿಗೆ.

ಅಷ್ಟರಲ್ಲಿ ಈರಣ್ಣ ಎದ್ದ. ಈತ ಸಾಹುಕಾರರ ಹೆಂಡತಿಯ ಖಾಸಾ ತಮ್ಮ, ರಾಣೆಬೆನ್ನೂರಿನಲ್ಲಿ ಹತ್ತಿಯ ದಲಾಲಿ. ಸಭೆಗೆ ಯಾರು ಕರೆದಿದ್ದರೋ ತಿಳಿಯದು.

"ಮಾಮಾರ, ಒಂದು ಮಾತ ಕೇಳ್ರಿ" ಎಂದ. "ನೀವು ಅವ್ರ ಅಂಗಿಗೆ ಸುಂಕ ಹಾಕಸ್ತೀರಿ. ಅವ್ರು ಸುಮ್ನ ಕುಂದರ್ತಾರೇನು? ನಮ್ಮ ನೂಲು ತಗೊಳ್ಳಾದ ಬಿಡ್ತಾರ. ನೂಲು ಹೋಗ್ಲಿಲ್ಲಂದ್ರ ಗಿರಣಿಯವ್ರು ನನ್ನ ಹಂತೇಕ ಹತ್ತಿ ತಗೊಳ್ಳಂಗಿಲ್ಲ. ಕರ್ಜಗಿಯಿಂದ ಚಕ್ಕಡಿ ಹೇರ್ಕೊಂಡು ಬರೋ ರೈತಗ ನಾ ಏನ್ ಹೇಳ್ಲಿ? ಮಾಸ್ತರ ಕೈಯಾಗಿರೋ ಆ ಅಂಗಿಯೊಳಗ ನಮ್ಮ ಹೊಲದ ಹತ್ತಿನ ಇರಬೇಕು, ಯಾರಿಗ್ಗೊತ್ತು."

"ನಿನ್ನ ಹತ್ತಿ ಉಳಸಾಕ ನಮ್ಮ ನಲವತ್ತು ಹೆಣ್ಮಕ್ಕಳು ಮನಿಗೆ ಹೋಗಬೇಕೇನು?" ಎಂದರು ಸಾಹುಕಾರರು.

"ನಿಮ್ಮ ನಲವತ್ತು ಮಂದಿ ಅಪ್ಪಗೋಳು, ಗಂಡಂದಿರು ಹತ್ತಿ ಬೆಳೀತಾರ್ರೀ ಮಾಮಾ!"

ಗದ್ದಲವೆದ್ದಿತು. ಭಾವ ಭಾವಮೈದುನ ಒಬ್ಬರಿಗೊಬ್ಬರು ಬೆರಳು ತೋರಿಸಿ ಕೂಗಾಡುವುದನ್ನು ಕಂಡು ನಾನು ದಂಗಾದೆ. ಗಡಿಯ ಜಗಳ ಎಂದು ಪತ್ರಿಕೆಯಲ್ಲಿ ಓದಿದ್ದು ಈಗ ಒಂದೇ ಮನೆಯ ಇಬ್ಬರ ನಡುವೆ ಬಂದು ನಿಂತಿತ್ತು. ಇಬ್ಬರ ಮಾತೂ ಖರೆಯಾಗಿತ್ತು. ಅಂಗಿ ನನ್ನ ತೊಡೆಯ ಮೇಲಿತ್ತು. ಹತ್ತಿ ಬಹುಶಃ ನಮ್ಮದು, ಅಳತೆ ಖಂಡಿತ ನಮ್ಮದು, ಕೈ ಮಾತ್ರ ಬೇರೆಯವರದು. ಮನವಿ ಹೋಯಿತು. ಅದಕ್ಕೆ ಏನೂ ಉತ್ತರ ಬಂದದ್ದು ನನಗೆ ಗೊತ್ತಿಲ್ಲ.

ಮರಳಿ ಬಂದ ಮರುದಿನ ತಡೆಯಲಾರದೆ ಸಾಹುಕಾರರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ವಿನೋದ ಕೇಳಿದ್ದು, ನಾನು ರವಿವಾರ ಕೂತು ಕತ್ತರಿಸಿ ಕೊಟ್ಟದ್ದು, ಮೂರು ಕಚ್ಚು. ಕೆಲಸದಿಂದ ತೆಗೆಯುತ್ತಾರೆ, ತೆಗೆಯಲಿ ಎಂದು ಗಟ್ಟಿಮನಸ್ಸು ಮಾಡಿಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗ ಗೊತ್ತಿತ್ತು ಮಾಸ್ತರ."

ಎದುರಿನ ಕುರ್ಚಿ ತೋರಿಸಿ ಅವರೇ ಮುಂದುವರಿಸಿದರು.

"ವಿನೋದ ಮೊದ್ಲ ನನ್ನ ಹಂತೇಕ ಬಂದಿದ್ದ. ದರ ಹೇಳಿ, ಇಷ್ಟಕ್ಕ ಮಾಡ್ತೀರೇನು ಅಂದ. ಆಗಂಗಿಲ್ಲ ಅಂದೆ. ಹಂಗಾರ ಅಲ್ಲಿ ಮಾಡಸ್ತೇವಿ, ಅಳತಿ ಅಷ್ಟು ಕೊಡ್ರಿ, ಅರ್ಧಾ ಆರ್ಡರ್ ನಿಮಗ ಇಡ್ತೇವಿ ಅಂದ. ಹ್ಞೂ ಅನ್ನಾಕೂ ಆಗ್ಲಿಲ್ಲ, ಉಹ್ಞೂ ಅನ್ನಾಕೂ ಆಗ್ಲಿಲ್ಲ. ಕಾಗದ ಮಾಸ್ತರದು, ಅವರನ್ನ ಕೇಳಪಾ ಅಂದೆ."

"ನನ್ನನ್ನ ಯಾಕ ಕೇಳಸಿದ್ರಿ?"

"ನೀವು ಕೊಡಂಗಿಲ್ಲ ಅಂತೀರಿ ಅನ್ಕೊಂಡಿದ್ದೆ. ನೀವು ಅಂದಿದ್ರ, ಅದನ್ನ ಹಿಡ್ಕೊಂಡು ನಾನೂ ಅಂತಿದ್ದೆ." ಅವರ ದನಿ ಬಿದ್ದುಹೋಯಿತು. "ಆ ಅಂಗಿ ತಂದು ನಿಮ್ಮ ಮೇಜಿನ ಮ್ಯಾಲ ಇಟ್ಟಿದ್ದೂ ಅದಕ್ಕ. ನೀವು ಗುರುತು ಹಿಡೀತೀರಿ ಅಂತ ಗೊತ್ತಿತ್ತು. ನನ್ನ ಬಾಯಿಲೆ ಹೇಳಾಕ ಆಗಿದ್ದಿಲ್ಲ."

ಮೂರು ಕಚ್ಚು ಕಂಡಾಗ ಆದ ಆಘಾತಕ್ಕಿಂತ ಇದು ಒಂದು ಕೈ ಮೇಲಿತ್ತು. ಇಪ್ಪತ್ತು ವರ್ಷ ಅವರ ನೆರಳಿನಲ್ಲಿ ಕೆಲಸ ಮಾಡಿದ್ದೆ. ಒಳ್ಳೆಯ ಮನುಷ್ಯ. ಹೆಣ್ಣುಮಕ್ಕಳಿಗೆ ಒಂದು ದಿನ ಕೆಟ್ಟ ಮಾತಾಡಿದವರಲ್ಲ. ಆ ಮನುಷ್ಯ 'ಇಲ್ಲ' ಎನ್ನುವುದನ್ನು ನನ್ನ ಬಾಯಿಂದ ಹೇಳಿಸಲು ಕಾದಿದ್ದರು, ನಾನು ಒಂದು ಹೊಗಳಿಕೆಗೆ 'ಹೂಂ' ಎಂದಿದ್ದೆ. ಮೇಲಿನವರ ಕೆಳಗೆ ಕೆಲಸ ಮಾಡುವವರು ಇದನ್ನು ನೆನಪಿಡಿ: ಅವರಿಗೂ ಕೆಲವು ಸಲ ನಿಮ್ಮ ಧೈರ್ಯವೇ ಬೇಕಾಗಿರುತ್ತದೆ, ಆದರೆ ಅವರು ಅದನ್ನು ಕೇಳುವುದಿಲ್ಲ.

ಅರ್ಧ ಆರ್ಡರು ಉಳಿಯಲಿಲ್ಲ. ಒಂದೇ ದಿನ ಬೀಗ ಬೀಳಲೂ ಇಲ್ಲ. ವಾರಕ್ಕೆ ಆರು ದಿನದ ಕೆಲಸ ನಾಲ್ಕಾಯಿತು, ಮೂರಾಯಿತು. ಕುಪ್ಪೇಲೂರಿನ ಬಸ್ಸಿಗೆ ಬರುತ್ತಿದ್ದ ಆರು ಮಂದಿ ಮೂವರಾದರು, ಕಡೆಗೆ ರತ್ನವ್ವ ಒಬ್ಬಳೇ ಇಳಿಯುತ್ತಿದ್ದಳು. ಒಂದು ದಿನ ಅವಳೂ ಬರಲಿಲ್ಲ. ಯಂತ್ರಗಳು ಮಾರಾಟವಾದವು. ನಾನು ಪೇಟೆಯ ಒಂದು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಮಂದಿ ಕೊಂಡ ಪ್ಯಾಂಟಿನ ಕಾಲು ಮಡಚಿ ಹೊಲಿಯುವ ಕೆಲಸ ಹಿಡಿದೆ. ಅಲ್ಲಿ ಮಾರಲಿಟ್ಟ ಅಂಗಿಗಳಲ್ಲಿ ನನ್ನ ಅಳತೆಯವು ಎಷ್ಟು ಎಂದು ದೂರದಿಂದಲೇ ತಿಳಿಯುತ್ತಿತ್ತು. ಕಿಸೆ ನೋಡಿದರೆ ಸಾಕು.

ಮುಂದಿನ ಬೇಸಿಗೆ, ಮನೆಗೆ ವರ್ಷದ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದೆ. ಪೇಟೆಯ ದಿನ. ಮಾರುಕಟ್ಟೆಯ ತುಂಬ ಕೆಂಪು ರಾಶಿ, ಘಾಟು, ಎಲ್ಲರಿಗೂ ಕೆಮ್ಮು. ಒಂದು ಅಂಗಡಿಯ ಹಿಂದೆ ತಗಡಿನ ನೆರಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಎಲ್ಲರ ಮುಖಕ್ಕೂ ಸೆರಗು ಸುತ್ತಿತ್ತು, ಕಣ್ಣಷ್ಟೇ ಹೊರಗೆ. ದಾಟಿ ಹೋಗುತ್ತಿದ್ದವನು ನಿಂತುಬಿಟ್ಟೆ. ಸಾಲಿನ ನಡುವೆ ಒಂದು ಹೆಬ್ಬೆರಳು ತೊಟ್ಟನ್ನು ಒತ್ತಿ ಒಂದು ಸಲ ತಿರುವುತ್ತಿತ್ತು. ಆ ತಿರುವು ನನಗೆ ಗೊತ್ತಿತ್ತು. ಅದು ಕಾಲರಿನ ತುದಿ ತಿರುವುವ ಕೈ.

"ರತ್ನವ್ವಾ?"

ಅವಳು ತಲೆ ಎತ್ತಿದಳು. "ಅಯ್ಯ, ಮಾಸ್ತರ! ಆರಾಮ ಅದೀರೇನ್ರಿ?"

ಬೆರಳುಗಳು ಕೆಂಪಗೆ ಸುಟ್ಟಂತಾಗಿ, ಕೊಬ್ಬರಿ ಎಣ್ಣೆಯಿಂದ ಹೊಳೆಯುತ್ತಿದ್ದವು. ಬಿಳಿ ಬಟ್ಟೆ ಬಂದ ದಿನ ಕೈ ತೊಳೆದು ಬಾ ಎಂದು ನಾನು ಗದರಿಸುತ್ತಿದ್ದ ಕೈಗಳು. ಕೂಲಿಯ ಹೆಣ್ಣುಮಕ್ಕಳ ನಡುವೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳಿಗೆ ಹೇಳಿದೆ. ಆ ಅಂಗಿ ನನ್ನ ಕಾಗದದಿಂದ ಆದದ್ದು, ಕಾಗದ ಕೊಟ್ಟವನು ನಾನು, ಅವತ್ತು ಕಿಸೆಯ ಬಗ್ಗೆ ಕೇಳಿದ್ದು ಅದಕ್ಕೇ. ಸಾಹುಕಾರರ ಮಾತು ಎತ್ತಲಿಲ್ಲ. ಅದು ಅವರು ಹೇಳಬೇಕಾದದ್ದು.

ಅವಳು ಕೈ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೂ ಏಳೆಂಟು ಕಾಯಿ ಮುರಿದಳು.

"ಅಲ್ಲಿ ಹೊಲ್ದಾಕಿ ಕೈ ಹೆಂಗಿತ್ರಿ?"

"ಚೊಲೊ ಇತ್ತು."

"ನನ್ನ ಕೈಗಿಂತ?"

"ಕಾಲರಿನ್ಯಾಗ ನಿನ್ನ ಕೈ ಚೊಲೊ. ತೋಳಿನ್ಯಾಗ ಆಕೀದು."

ಅವಳು ತಲೆಯಾಡಿಸಿದಳು. "ಇಷ್ಟು ದಿನ ನಾ ಆಕಿ ಮ್ಯಾಲ ಸಿಟ್ಟು ಮಾಡ್ಕೊಂಡಿದ್ದೆ ನೋಡ್ರಿ. ಮುಖಾ ನೋಡಿಲ್ಲ, ಹೆಸರು ಗೊತ್ತಿಲ್ಲ, ಆದ್ರೂ ಬೈತಿದ್ದೆ. ಇನ್ನ ಮ್ಯಾಲ ನಿಮ್ಮನ್ನ ಬೈಬೇಕು." ಆಮೇಲೆ ಮೆಲ್ಲಗೆ, "ನೀವು ಹೋಗ್ರಿ ಮಾಸ್ತರ. ಮುಕಾದಮ ನೋಡಾಕತ್ತಾನ" ಎಂದಳು.

ಮೆಣಸಿನಕಾಯಿ ಕೊಳ್ಳದೆ ಊರಿಗೆ ಬಂದೆ.

ಎರಡು ವರ್ಷ ರತ್ನವ್ವ ನನ್ನ ಜೊತೆ ಮಾತಾಡಲಿಲ್ಲ. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಎದುರಾದರೂ ಬೇರೆ ಕಡೆ ನೋಡಿ ಹೋಗುತ್ತಿದ್ದಳು. ಅವಳೂ ಹಳೆಯ ಸಾಲಿನ ಮೂವರೂ ಕೂಡಿ ನಾಲ್ಕು ಯಂತ್ರ ಹಾಕಿಕೊಂಡು ಬ್ಲೌಸು, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಾರೆಂದು ಕೇಳಿದ್ದೆ. ಒಬ್ಬೊಬ್ಬರ ಮೈಗೆ ಅಳತೆ ತೆಗೆದು ಹೊಲಿಯುವ ಬ್ಲೌಸು ಯಾವ ದೇಶದಿಂದಲೂ ಹಡಗು ಹತ್ತಿ ಬರುವಂಥದ್ದಲ್ಲ. ಜಾಣ ವಿಚಾರ. ಹೋಗಿ ನೋಡುವ ಆಸೆಯಿತ್ತು, ಮುಖ ಇರಲಿಲ್ಲ.

ಒಂದು ಮುಂಜಾನೆ ಅವಳೇ ನನ್ನ ಮನೆಯ ಬಾಗಿಲಿಗೆ ಬಂದಳು. ನನ್ನ ಹೆಂಡತಿ, "ಬಾರವಾ, ಕುಂದ್ರು, ಚಹಾ ಮಾಡ್ತೇನಿ" ಎಂದರೂ ಕೂರಲಿಲ್ಲ.

"ಮಾಸ್ತರ, ಸಮವಸ್ತ್ರದ ಕೆಲಸ ಭಾಳ ಬಂದೈತಿ. ಪದರ ಹಾಸಿ ಕತ್ತರಿಸಾಕ ನಮಗ ಬರವಲ್ದು, ಬ್ಯಾರೆ ಯಾರೂ ಸಿಗವಲ್ರು. ನೀವು ಬರ್ರಿ."

"ನಿನ್ನ ಸಿಟ್ಟು?"

"ಸಿಟ್ಟು ಹೋಗಿಲ್ರಿ." ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದಳು. "ಆದ್ರ ಕೆಲಸ ನಿಲ್ಲಂಗಿಲ್ಲ. ಒಂದು ಮಾತು. ಕಾಗದ ಎಲ್ಲಾ ನನ್ನ ಕಪಾಟಿನ್ಯಾಗ ಇರ್ತಾವ. ಕೀಲಿ ನನ್ನ ಹಂತೇಕ."

"ಆಗಲಿ" ಎಂದೆ. ಚಪ್ಪಲಿ ಹಾಕಿಕೊಂಡು ಅವತ್ತೇ ಅವಳ ಹಿಂದೆ ನಡೆದೆ.

ಕಣ್ಣು ಮಂಜಾಗುವವರೆಗೆ ಅಲ್ಲಿ ಕೆಲಸ ಮಾಡಿದೆ. ನನ್ನ ಮೇಲಿನವರಲ್ಲಿ ಅವಳೇ ಕೊನೆಯವಳು, ಎಲ್ಲರಿಗಿಂತ ಬಿಗಿ. ಎರಡು ವರ್ಷದಲ್ಲಿ ಅವಳ ಸಾಲು ಹನ್ನೆರಡು ಯಂತ್ರಕ್ಕೆ ಬೆಳೆಯಿತು. ಹಬ್ಬಕ್ಕೆ ನನ್ನ ಮನೆಗೆ ಕಡಬು ಕಳಿಸಿದಳು, ನನ್ನ ಹೆಂಡತಿಗೆ ಜ್ವರ ಬಂದಾಗ ಮೂರು ದಿನ ಬಂದು ಅಡಿಗೆ ಮಾಡಿದಳು. ಆದರೂ ಪ್ರತಿದಿನ ಮುಂಜಾನೆ ಕಪಾಟು ತೆರೆದು ಕಾಗದಗಳನ್ನು ತಾನೇ ನನ್ನ ಕೈಗೆ ಕೊಡುತ್ತಿದ್ದಳು. ಸಂಜೆ ನಾನು ಮರಳಿ ಕೊಟ್ಟಾಗ ಒಂದೊಂದಾಗಿ ಎಣಿಸಿ ಒಳಗಿಡುತ್ತಿದ್ದಳು. ನಾನು ಕೆಲಸ ಬಿಟ್ಟ ದಿನ ಹೂಮಾಲೆ ಹಾಕಿ, ಶಾಲು ಹೊದಿಸಿ, ಕಾಲಿಗೂ ನಮಸ್ಕಾರ ಮಾಡಿದಳು. ಆಮೇಲೆ ಮೇಜಿನ ಬಳಿ ಹೋಗಿ ಅವತ್ತಿನ ಕಾಗದಗಳನ್ನು ಎಣಿಸಿದಳು. ನಾನು ನಿಂತು ಕಾದೆ. ಲೆಕ್ಕ ಸರಿಯಾದ ಮೇಲೆ, "ಹೋಗಿ ಬರ್ರಿ ಮಾಸ್ತರ" ಎಂದಳು.